ಎಸ್ಟಿಮೇಟ್‌ಗೆ ಮುಂಚೆಯೇ ಜನರನ್ನು ಕೇಳಿ: ವಾರ್ಡ್ ಸಮಿತಿಯಲ್ಲಿ ನನ್ನ ಅನುಭವ

ನಮ್ಮ ರಸ್ತೆ ಹೇಗಿರಬೇಕು ಅನ್ನುವುದು ಭೂಮಿಪೂಜೆಗೆ ಎಷ್ಟೋ ತಿಂಗಳು ಮುಂಚೆಯೇ ತೀರ್ಮಾನವಾಗಿರುತ್ತದೆ. ಇಂಜಿನಿಯರ್ ಒಬ್ಬರು ಕೂತು, ಇಷ್ಟು ಮೀಟರ್ ಫುಟ್‌ಪಾತ್, ಇಷ್ಟು ಚಪ್ಪಡಿ, ಇಷ್ಟು ಚರಂಡಿ ಅಂತ ಎಸ್ಟಿಮೇಟ್ ಬರೆದರೆ ಮುಗಿಯಿತು. ಆಮೇಲೆ ಒಂದು ಮರ ಉಳಿಸಿ ಅಂದರೂ, ಒಂದು ರ‍್ಯಾಂಪ್ ಹಾಕಿ ಅಂದರೂ "ಎಸ್ಟಿಮೇಟ್‌ನಲ್ಲಿ ಇಲ್ಲ" ಅನ್ನುವ ಉತ್ತರ ಬರುತ್ತದೆ. ಆ ಉತ್ತರ ಸುಳ್ಳಲ್ಲ. ಎಸ್ಟಿಮೇಟ್‌ನಲ್ಲಿ ಇಲ್ಲದ ಕೆಲಸಕ್ಕೆ ಗುತ್ತಿಗೆದಾರನಿಗೆ ಬಿಲ್ ಆಗುವುದಿಲ್ಲ. ಹಾಗಾಗಿ ಜನರ ಮಾತಿಗೆ ಬೆಲೆ ಇರಬೇಕಾದರೆ ಅವರನ್ನು ಕೇಳಬೇಕಾದದ್ದು ಆ ಕಾಗದ ಹುಟ್ಟುವ ಮುಂಚೆ. ವಾರ್ಡ್ ಸಮಿತಿಯಲ್ಲಿ ಕೆಲಸ ಮಾಡಿ ನಾನು ಗಟ್ಟಿಯಾಗಿ ಹೇಳಬಲ್ಲ ಮಾತು ಇದು.

ನನ್ನ ಕಸುಬು ಕಟ್ಟಡಗಳ ನಕ್ಷೆ ಬರೆಯುವುದು. ದಕ್ಷಿಣ ಬೆಂಗಳೂರಿನ ಒಂದು ಹಳೆಯ ಬಡಾವಣೆಯಲ್ಲಿ ವಾಸ. ವಾರ್ಡ್ ಸಮಿತಿ ಅಂತ ಒಂದು ಇದೆ ಅನ್ನುವುದೇ ನಮ್ಮ ಕಡೆ ತುಂಬಾ ಜನರಿಗೆ ಗೊತ್ತಿರಲಿಲ್ಲ. 1992ರ 74ನೇ ಸಂವಿಧಾನ ತಿದ್ದುಪಡಿಯ ಪ್ರಕಾರ 3 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ನಗರಗಳಲ್ಲಿ ವಾರ್ಡ್ ಸಮಿತಿ ಇರಲೇಬೇಕು. ಕರ್ನಾಟಕದಲ್ಲಿ ಇದಕ್ಕೆ ಸರಿಯಾದ ನಿಯಮ ಬಂದಿದ್ದು 2016ರಲ್ಲಿ. ಆ ನಿಯಮದ ಪ್ರಕಾರ ಆಗ ಕಾರ್ಪೊರೇಟರ್ ಅಧ್ಯಕ್ಷರು, ಜೊತೆಗೆ 10 ಜನ ಸದಸ್ಯರು. ಅದರಲ್ಲಿ ಕನಿಷ್ಠ 3 ಮಹಿಳೆಯರು, ಪರಿಶಿಷ್ಟ ಜಾತಿ ಅಥವಾ ಪಂಗಡದ ಇಬ್ಬರು, ನಿವಾಸಿಗಳ ಸಂಘಗಳಿಂದ ಇಬ್ಬರು. ತಿಂಗಳಿಗೊಂದು ಸಭೆ. ಹೇಳಿಕೇಳಿ ಕಾನೂನಿನ ಜಾಗ, ಯಾರ ದಯೆಯೂ ಅಲ್ಲ. ಹಾಗಂದುಕೊಂಡೇ ನಾನು ಸೇರಿದೆ.

2020ರ ಸೆಪ್ಟೆಂಬರ್‌ನಲ್ಲಿ ಕಾರ್ಪೊರೇಟರ್‌ಗಳ ಅವಧಿ ಮುಗಿಯಿತು. ಅವರ ಜಾಗಕ್ಕೆ ನೋಡಲ್ ಅಧಿಕಾರಿಗಳು ಬಂದರು. ಆ ಹೊತ್ತಿಗೆ ಪಾಲಿಕೆ ಪ್ರತಿ ವಾರ್ಡ್‌ಗೆ 60 ಲಕ್ಷ ರೂಪಾಯಿ ಅಂತ ಹೇಳಿತು. ರಸ್ತೆ ಗುಂಡಿ, ಫುಟ್‌ಪಾತ್, ಬೋರ್‌ವೆಲ್ ಈ ಮೂರಕ್ಕೆ ತಲಾ 20 ಲಕ್ಷ. ಎಲ್ಲಿ ಖರ್ಚು ಮಾಡಬೇಕು ಅನ್ನುವುದನ್ನು ವಾರ್ಡ್ ಸಮಿತಿ ಹೇಳಬಹುದು. ದುಡ್ಡು ದೊಡ್ಡದಲ್ಲ, ಆದರೆ ಎಸ್ಟಿಮೇಟ್ ಇನ್ನೂ ಬರೆದಿರಲಿಲ್ಲ. ನನಗೆ ಬೇಕಾಗಿದ್ದುದು ಅದೇ. ನಾವು ಫುಟ್‌ಪಾತ್ ದುಡ್ಡನ್ನು ಹಿಡಿದುಕೊಂಡೆವು. ವಾರ್ಡ್ ತುಂಬಾ ಚೂರುಚೂರು ಹಂಚುವ ಬದಲು ಒಂದೇ ರಸ್ತೆ ತೆಗೆದುಕೊಳ್ಳೋಣ ಅಂತ ನಾನು ಹಠ ಹಿಡಿದೆ. ಸರ್ಕಾರಿ ಶಾಲೆಯಿಂದ ಬಸ್ ಸ್ಟಾಪ್‌ವರೆಗಿನ ರಸ್ತೆ.

ಮೊದಲು ಸಭೆ ಕರೆದೆವು. ಬಂದವರು ಯಾರು ಅಂತ ನೋಡಿದರೆ ಎಲ್ಲಾ ಸ್ವಂತ ಮನೆಯವರು, ಹೆಚ್ಚಿನವರು ನಿವೃತ್ತರು. ಒಳ್ಳೆಯ ಮಾತೇ ಆಡಿದರು. ಆದರೆ ಆ ರಸ್ತೆಯಲ್ಲಿ ದಿನಾ ನಡೆಯುವವರು ಬೇರೆ. ಮನೆಗೆಲಸಕ್ಕೆ ಬರುವ ಹೆಂಗಸರು, ಗಾರ್ಮೆಂಟ್ಸ್‌ಗೆ ಹೋಗುವವರು, ಶಾಲೆ ಮಕ್ಕಳು, ಬಾಡಿಗೆ ಮನೆಯವರು. ಶನಿವಾರ ಬೆಳಿಗ್ಗೆ ಸಭೆಗೆ ಬಂದರೆ ಅವರಿಗೆ ಅರ್ಧ ದಿನದ ಕೂಲಿ ಹೋಗುತ್ತದೆ. ಅವರು ಬರಲಿಲ್ಲ ಅಂತ ದೂರುವುದು ಅನ್ಯಾಯ. ಹಾಗಾಗಿ ಸಭೆಯನ್ನೇ ರಸ್ತೆಗೆ ತೆಗೆದುಕೊಂಡು ಹೋದೆವು.

ನಾನು ಆ ರಸ್ತೆಯ ನಕ್ಷೆಯನ್ನು ದೊಡ್ಡದಾಗಿ ಬರೆದು ಪ್ರಿಂಟ್ ಹಾಕಿಸಿದೆ. ಚೌಕ, ಗೆರೆ ಮಾತ್ರ ಇದ್ದರೆ ಯಾರಿಗೂ ಅರ್ಥ ಆಗುವುದಿಲ್ಲ. ಗಣಪತಿ ದೇವಸ್ಥಾನ, ಹಿಟ್ಟಿನ ಗಿರಣಿ, ಟ್ರಾನ್ಸ್‌ಫಾರ್ಮರ್, ಹೊಂಗೆ ಮರ, ಹಾಲಿನ ಬೂತ್ ಎಲ್ಲದರ ಹೆಸರು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಬರೆದೆ. ನಕ್ಷೆಯನ್ನು ಹಾಲಿನ ಬೂತ್ ಪಕ್ಕದ ಗೋಡೆಗೆ ಅಂಟಿಸಿ, ಮುಂದೆ ಒಂದು ಸ್ಟೂಲ್ ಮೇಲೆ ಬಿಂದಿ ಪ್ಯಾಕೆಟ್ ಇಟ್ಟೆವು. ನಡೆಯಲು ಭಯ ಆಗುವ ಕಡೆ ಕೆಂಪು ಬಿಂದಿ, ನಿಂತು ಸುಧಾರಿಸಿಕೊಳ್ಳುವ ಕಡೆ ಹಸಿರು ಬಿಂದಿ. ಪೆನ್ನು ಕೊಟ್ಟರೆ ಹಿಂಜರಿಯುವ ಹೆಂಗಸರು ಬಿಂದಿಯನ್ನು ಸಲೀಸಾಗಿ ಅಂಟಿಸಿದರು. ಬೆಳಿಗ್ಗೆ ಹಾಲಿನ ಹೊತ್ತು, ಶಾಲೆ ಹೊತ್ತು, ಹನ್ನೊಂದು ಗಂಟೆಗೆ ಮನೆಗೆಲಸದವರು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವ ಹೊತ್ತು, ಸಂಜೆ ಏಳರ ಹೊತ್ತು. ಪ್ರತಿ ಹೊತ್ತಿಗೂ ಬೇರೆ ನಕ್ಷೆ ಹಾಕಿದೆವು. ಇದು ಮುಖ್ಯ. ಬೆಳಗಿನ ನಕ್ಷೆಯಲ್ಲಿ ಕೆಂಪು ಬಿಂದಿಯೆಲ್ಲ ಶಾಲೆ ಗೇಟ್ ಹತ್ತಿರ. ಸಂಜೆಯ ನಕ್ಷೆಯಲ್ಲಿ ಅವು ಟ್ರಾನ್ಸ್‌ಫಾರ್ಮರ್ ಹಿಂದಿನ ಕತ್ತಲೆ ಮೂಲೆಗೆ ಬಂದಿದ್ದವು. ಒಂದೇ ನಕ್ಷೆ ಇಟ್ಟಿದ್ದರೆ ಎರಡೂ ಕಲಸಿಹೋಗುತ್ತಿತ್ತು.

ಅಲ್ಲೇ ಮೂಲೆಯಲ್ಲಿ ಸೊಪ್ಪು ಮಾರುವ ಅಜ್ಜಿ ಒಬ್ಬರು ಕೂರುತ್ತಿದ್ದರು. ಮಳೆ ಬಂದರೆ ಆ ಮೂಲೆಯಲ್ಲಿ ಮೊಣಕಾಲವರೆಗೆ ನೀರು. ಮೇಲಿನ ಕ್ರಾಸ್‌ನಿಂದ ನೀರು ಇಳಿದು ಬರುತ್ತದೆ, ಚರಂಡಿ ಸಾಲುತ್ತಿಲ್ಲ, ಅಗಲ ಮಾಡಬೇಕು ಅಂತಲೇ ಎಲ್ಲರ ನಂಬಿಕೆ. ಅಜ್ಜಿ ಮಾತ್ರ ಬೇರೆ ಹೇಳಿದರು. "ನೀರು ಮೇಲಿಂದ ಬರಲ್ಲ ಕಣಮ್ಮ, ಕೆಳಗಿಂದ ವಾಪಸ್ ಬರುತ್ತೆ. ನನ್ನ ಕೊತ್ತಂಬರಿ ಕಟ್ಟು ಮೇಲಕ್ಕೆ ತೇಲಿಕೊಂಡು ಹೋಗುತ್ತೆ." ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ನೀರಿನ ಪೈಪ್ ತರಿಸಿದೆ. ಪಾರದರ್ಶಕ ಪೈಪ್‌ನಲ್ಲಿ ನೀರು ತುಂಬಿ, ಒಂದು ತುದಿ ಅಜ್ಜಿ ಕೂರುವ ಜಾಗದ ಚರಂಡಿಯಲ್ಲಿ, ಇನ್ನೊಂದು ತುದಿ ಕೆಳಗಿನ ಕ್ರಾಸ್‌ನ ಮೋರಿಯಲ್ಲಿ, ಅಂದರೆ ರಸ್ತೆಯ ಅಡಿಯಲ್ಲಿ ನೀರು ದಾಟುವ ಕಾಲುವೆಯಲ್ಲಿ. ಮೋರಿಯ ತಳ ಚರಂಡಿಗಿಂತ ಸುಮಾರು ಒಂದು ಗೇಣು ಎತ್ತರದಲ್ಲಿತ್ತು. ನೀರು ಹೋಗುವುದಾದರೂ ಎಲ್ಲಿಗೆ? ಪಕ್ಕದಲ್ಲೇ ನಿಂತು ನೋಡುತ್ತಿದ್ದ ಇಂಜಿನಿಯರ್ ಅಲ್ಲೇ ನೋಟ್ ಮಾಡಿಕೊಂಡರು. ಚರಂಡಿ ಅಗಲ ಮಾಡುವ ಬಾಬ್ತು ಹೋಗಿ, ಮೋರಿ ಒಡೆದು ತಗ್ಗಿಸಿ ಕಟ್ಟುವ ಬಾಬ್ತು ಎಸ್ಟಿಮೇಟ್‌ಗೆ ಬಂತು. ಒಂದು ತಿಂಗಳು ತಡವಾಗಿದ್ದರೆ ಆ ದುಡ್ಡು ಉಪಯೋಗವಿಲ್ಲದ ಚರಂಡಿಗೆ ಹೋಗುತ್ತಿತ್ತು.

ಅಂಗಡಿಯವರ ಜೊತೆ ಕಷ್ಟ ಆಯಿತು. ಫುಟ್‌ಪಾತ್ ಅಗಲ ಆದರೆ ಗಿರಾಕಿಗಳ ಗಾಡಿ ಎಲ್ಲಿ ನಿಲ್ಲಿಸುವುದು ಅನ್ನುವುದು ಅವರ ಚಿಂತೆ. ಹೊಟ್ಟೆಪಾಡಿನ ಚಿಂತೆ, ಅದನ್ನು ಸ್ವಾರ್ಥ ಅಂತ ತಳ್ಳಿಹಾಕಲು ಆಗುವುದಿಲ್ಲ. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ ಪ್ರಕಾರ ಫುಟ್‌ಪಾತ್‌ನಲ್ಲಿ ನಡೆಯಲು ಕನಿಷ್ಠ 1.8 ಮೀಟರ್ ಖಾಲಿ ಜಾಗ ಬೇಕು, ಎತ್ತರ 150 ಮಿಲಿಮೀಟರ್ ದಾಟಬಾರದು. ಈ ಅಂಕಿಗಳನ್ನು ಮೀಟಿಂಗ್‌ನಲ್ಲಿ ಹೇಳಿದಾಗ ಎಲ್ಲರೂ ಬೇಡ ಅಂದರು. ಅಂಗಡಿಗಳ ಮುಂದೆ ಸುಣ್ಣದ ಪುಡಿಯಲ್ಲಿ 1.8 ಮೀಟರ್‌ಗೆ ಗೆರೆ ಎಳೆದಾಗ ಮಾತು ಬದಲಾಯಿತು. ಗೆರೆಯ ಆಚೆ ಸ್ಕೂಟರ್ ನಿಲ್ಲಿಸಲು ಜಾಗ ಉಳಿದದ್ದು ಅವರ ಕಣ್ಣಿಗೇ ಕಂಡಿತು. ಮರಳು ಮೂಟೆ ಇಟ್ಟು ಕೆಲವು ದಿನ ಹಾಗೇ ನಡೆಸಿ ನೋಡಿದೆವು. ಗಿರಣಿಯವರು ಬೆಳಿಗ್ಗೆ ಮೂಟೆ ಇಳಿಸಲು ಒಂದು ಟೆಂಪೋ ಜಾಗ ಕೇಳಿದರು. ಕೊಟ್ಟೆವು. ಬದಲಿಗೆ ತಮ್ಮ ಮುಂದಿನ ಕಾಂಕ್ರೀಟ್ ಇಳಿಜಾರು ಒಡೆಯಲು ಒಪ್ಪಿದರು. ಇಂಥ ಇಳಿಜಾರುಗಳಿಂದಾಗಿ ಪ್ರತಿ ಗೇಟ್ ಮುಂದೆ ಫುಟ್‌ಪಾತ್ ಹತ್ತಿ ಇಳಿಯುವುದು ವಯಸ್ಸಾದವರಿಗೆ ಎಂಥ ಹಿಂಸೆ ಅಂತ ಮಂಡಿ ನೋವಿದ್ದವರನ್ನು ಕೇಳಿ.

ಸೊಪ್ಪಿನ ಅಜ್ಜಿಯನ್ನೂ, ಪಕ್ಕದ ಹೂವಿನವರನ್ನೂ ಎಬ್ಬಿಸಬೇಕು ಅಂತ ಕೆಲವರು ಪಟ್ಟು ಹಿಡಿದರು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರಿಗೂ ಹಕ್ಕು ಕೊಟ್ಟಿದೆ ಅಂತ ನಾನು ಸಭೆಯಲ್ಲಿ ಓದಿ ಹೇಳಿದೆ. ಅದಕ್ಕಿಂತ ಕೆಲಸ ಮಾಡಿದ್ದು ಸಂಜೆಯ ನಕ್ಷೆ. ಹಸಿರು ಬಿಂದಿಗಳು ಹೆಚ್ಚು ಇದ್ದದ್ದು ಇವರು ಕೂರುವ ಜಾಗದ ಸುತ್ತ. ಅಲ್ಲಿ ದೀಪ ಇರುತ್ತದೆ, ಜನ ಇರುತ್ತಾರೆ, ಹೆಣ್ಣುಮಕ್ಕಳಿಗೆ ಧೈರ್ಯ. ಅದನ್ನು ಕಂಡ ಮೇಲೆ ಆ ಮಾತು ನಿಂತಿತು. ಅವರಿಗೆ ಮರದ ಸಾಲಿನಲ್ಲಿ, ನಡೆಯುವ ಪಟ್ಟಿಯ ಹೊರಗೆ ಜಾಗ ಗುರುತಿಸಿದೆವು.

ನಡಾವಳಿ ಬರೆಯುವ ಕೆಲಸ ನಾನೇ ವಹಿಸಿಕೊಂಡೆ. ಕನ್ನಡದಲ್ಲೇ. ಯಾರು ಏನು ಕೇಳಿದರು, ಒಪ್ಪಿದೆವಾ, ಇಲ್ಲವಾದರೆ ಯಾಕೆ ಅಂತ ಒಂದೊಂದು ಸಾಲು. ಸಭೆ ಮುಗಿಯುವ ಮುಂಚೆ ಜೋರಾಗಿ ಓದಿ, ಸಹಿ ಹಾಕಿಸಿ, ವಾರ್ಡ್ ಕಚೇರಿಯ ಬೋರ್ಡ್‌ಗೂ ಹಾಲಿನ ಬೂತ್ ಗೋಡೆಗೂ ಅಂಟಿಸುತ್ತಿದ್ದೆವು. ಜನ ತಮ್ಮ ಮಾತನ್ನು ಬಿಡಲು ತಯಾರಿರುತ್ತಾರೆ, ಕಾರಣ ಹೇಳಿದರೆ. ಕೇಳಿ ಸುಮ್ನೆ ಮರೆತುಬಿಟ್ಟರೆ ಮುಂದಿನ ಸಲ ಯಾರೂ ಬರುವುದಿಲ್ಲ. ನೆರಳಿನ ಕಲ್ಲು ಬೆಂಚುಗಳು ದುಡ್ಡು ಸಾಲದೆ ಬಿಟ್ಟುಹೋದವು. ಅದನ್ನೂ ಹಾಗೇ ಬರೆದು ಅಂಟಿಸಿದೆವು, ಯಾರೂ ಜಗಳ ಮಾಡಲಿಲ್ಲ.

ಊರಿನ ಮಟ್ಟದಲ್ಲಿ ಇದೇ ಕ್ರಮ ತಲೆಕೆಳಗಾಗಿ ನಡೆಯುತ್ತದೆ. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಉಕ್ಕಿನ ಮೇಲ್ಸೇತುವೆ ಕಟ್ಟುವ ಯೋಜನೆ ಬಂತು. 812 ಮರ ಹೋಗಬೇಕಿತ್ತು. ಅಕ್ಟೋಬರ್ 16ರಂದು ಸಾವಿರಾರು ಜನ ರಸ್ತೆಯಲ್ಲಿ ಮಾನವ ಸರಪಳಿ ಮಾಡಿದರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಅದು ಜನರ ಗೆಲುವು, ನನಗೂ ಹೆಮ್ಮೆ. ಅದೇ ವರ್ಷ ನವೆಂಬರ್‌ನಲ್ಲಿ 2031ರ ಮಾಸ್ಟರ್ ಪ್ಲ್ಯಾನ್ ಕರಡು ಬಂದಾಗ ಸಾವಿರಾರು ಆಕ್ಷೇಪಣೆ ಬಂದವು. ಕೊನೆಗೆ ಆ ಕರಡೂ ವಾಪಸ್ ಹೋಯಿತು. ಎರಡರಲ್ಲೂ ಜನರಿಗೆ ಸಿಕ್ಕಿದ್ದು ಬೇಡ ಅನ್ನುವ ಅವಕಾಶ ಮಾತ್ರ. ಏನು ಬೇಕು ಅಂತ ಮೊದಲೇ ಕೂರಿಸಿ ಕೇಳಿದ್ದರೆ ಇಷ್ಟು ವರ್ಷ, ಇಷ್ಟು ದುಡ್ಡು ಉಳಿಯುತ್ತಿತ್ತು, ಅಲ್ವಾ?

ನಮ್ಮ ರಸ್ತೆ ಮುಗಿದು ಒಂದು ಮಳೆಗಾಲ ಚೆನ್ನಾಗಿ ಕಳೆಯಿತು, ಮೂಲೆಯಲ್ಲಿ ನೀರು ನಿಲ್ಲಲಿಲ್ಲ. ಆಮೇಲೆ ಒಂದು ಸಂಸ್ಥೆಯವರು ಪೈಪ್ ಹಾಕಲು ಫುಟ್‌ಪಾತ್ ಅಗೆದು, ಚಪ್ಪಡಿಯನ್ನು ವಕ್ರವಾಗಿ ಮುಚ್ಚಿ ಹೋದರು. ತುಂಬಾ ಬೇಜಾರಾಯಿತು. ಆದರೆ ಈ ಸಲ ನಾನು ದೂರು ಕೊಡುವ ಮುಂಚೆಯೇ ಗಿರಣಿಯವರೂ ಶಾಲೆಯ ತಾಯಂದಿರೂ ನಡಾವಳಿಯ ಪ್ರತಿ ಹಿಡಿದುಕೊಂಡು ವಾರ್ಡ್ ಕಚೇರಿಗೆ ಹೋಗಿದ್ದರು. ಅರ್ಧ ಭಾಗ ಸರಿಯಾಯಿತು, ಅರ್ಧ ಹಾಗೇ ಇದೆ.

2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಐದು ಪಾಲಿಕೆಗಳಾಗಿದೆ. ವಾರ್ಡ್ ಗಡಿಗಳೂ ಬದಲಾಗಿವೆ. ನಿಮ್ಮ ವಾರ್ಡ್‌ನಲ್ಲಿ ಈ ಕೆಲಸ ಮಾಡುವ ಮನಸ್ಸಿದ್ದರೆ ದೀಪಾವಳಿ ಹೊತ್ತಿಗೆ ಶುರು ಮಾಡಿ. ಪಾಲಿಕೆ ಬಜೆಟ್ ಫೆಬ್ರವರಿ, ಮಾರ್ಚ್ ಹೊತ್ತಿಗೆ ಬರುತ್ತದೆ, ಕಾಮಗಾರಿ ಪಟ್ಟಿ ಅದಕ್ಕೂ ಮುಂಚೆ ತಯಾರಾಗುತ್ತದೆ. ಇಂಜಿನಿಯರ್ ಹತ್ತಿರ ಹೋಗಿ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಈ ರಸ್ತೆಯ ಎಸ್ಟಿಮೇಟ್ ಆಗಿದೆಯಾ, ಇನ್ನೂ ಇಲ್ಲವಾ? ಇನ್ನೂ ಇಲ್ಲ ಅಂದರೆ ಅವತ್ತೇ ನಕ್ಷೆ ಪ್ರಿಂಟ್ ಹಾಕಿಸಿ.