ಬ್ರಾಡ್ಮನ್ ಸರಾಸರಿ ಇಟ್ಟುಕೊಂಡು ಔಟ್‌ಲಯರ್ ಕಲಿಯೋಣ

ಒಂದು ಹಾಳೆ, ಪೆನ್ಸಿಲ್ ತಗೊಳ್ಳಿ ಮಕ್ಕಳೇ. ಟೆಸ್ಟ್ ಕ್ರಿಕೆಟ್‌ನ ಏಳು ಜನರ ಬ್ಯಾಟಿಂಗ್ ಸರಾಸರಿಯನ್ನು ಚಿಕ್ಕದರಿಂದ ದೊಡ್ಡದಕ್ಕೆ ಬರೆಯಿರಿ: ಗಾವಸ್ಕರ್ 51.12, ದ್ರಾವಿಡ್ 52.31, ತೆಂಡೂಲ್ಕರ್ 53.78, ಸಟ್‌ಕ್ಲಿಫ್ 60.73, ಹೆಡ್ಲಿ 60.83, ಗ್ರೇಮ್ ಪೊಲಾಕ್ 60.97, ಬ್ರಾಡ್ಮನ್ 99.94.

ಆರು ಜನ 51 ಮತ್ತು 61ರ ನಡುವೆಯೇ ಇದ್ದಾರೆ. ಬ್ರಾಡ್ಮನ್ ಮಾತ್ರ ಎಲ್ಲೋ ದೂರ, ಅಲ್ವಾ? ಹೀಗೆ ಗುಂಪು ಬಿಟ್ಟು ತುಂಬಾ ಮೇಲೆ ಅಥವಾ ತುಂಬಾ ಕೆಳಗೆ ನಿಲ್ಲುವ ಸಂಖ್ಯೆಯೇ ಔಟ್‌ಲಯರ್.

ದೂರ ಅಂದ್ರೆ ಎಷ್ಟು? ಕಣ್ಣಂದಾಜು ಸಾಲದು, ಲೆಕ್ಕ ಹಾಕಿ. ಪಟ್ಟಿಯ ನಟ್ಟನಡುವಿನ ಸಂಖ್ಯೆ 60.73, ಇದೇ ಮಧ್ಯಾಂಕ. ಅದರ ಕೆಳಗಿನ ಮೂರರಲ್ಲಿ ನಡುವಿನದು 52.31, ಮೇಲಿನ ಮೂರರಲ್ಲಿ ನಡುವಿನದು 60.97. ಇವೆರಡರ ವ್ಯತ್ಯಾಸ 8.66. ಅದರ ಒಂದೂವರೆ ಪಟ್ಟು 12.99. ಇದನ್ನು 60.97ಕ್ಕೆ ಕೂಡಿಸಿದರೆ 73.96, ಅದು ಮೇಲಿನ ಬೇಲಿ, 52.31ರಿಂದ ಕಳೆದರೆ 39.32, ಅದು ಕೆಳಗಿನ ಬೇಲಿ. ಬೇಲಿಯ ಆಚೆ ಇರೋದು ಔಟ್‌ಲಯರ್. ಈ ಒಂದೂವರೆ ಪಟ್ಟಿನ ನಿಯಮ ಕೊಟ್ಟವರು ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜಾನ್ ಟ್ಯೂಕಿ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಏಳೂ ಸಂಖ್ಯೆ ಕೂಡಿಸಿ 7ರಿಂದ ಭಾಗಿಸಿ. 62.81 ಬರುತ್ತದೆ. ಮತ್ತೆ ಪಟ್ಟಿ ನೋಡಿ: ಏಳರಲ್ಲಿ ಆರು ಜನ ಈ ಸರಾಸರಿಗಿಂತ ಕೆಳಗಿದ್ದಾರೆ! ಒಬ್ಬ ಬ್ರಾಡ್ಮನ್ ಇಡೀ ಸರಾಸರಿಯನ್ನು ತಮ್ಮ ಕಡೆಗೆ ಎಳೆದುಬಿಟ್ಟರು. ಅವರನ್ನು ಬಿಟ್ಟು ಲೆಕ್ಕ ಹಾಕಿದರೆ 56.62. ಮಧ್ಯಾಂಕ ಇಷ್ಟೊಂದು ಅಲುಗುವುದಿಲ್ಲ, 60.73ರಿಂದ 57.26ರ ಹತ್ತಿರಕ್ಕೆ ಇಳಿಯುತ್ತದೆ ಅಷ್ಟೇ. ಅದಕ್ಕೇ ಔಟ್‌ಲಯರ್ ಇರುವ ಕಡೆ ಸರಾಸರಿ ಒಂದನ್ನೇ ನಂಬಬೇಡಿ, ಮಧ್ಯಾಂಕವನ್ನೂ ನೋಡಿ.

ಹಾಗಂತ ಔಟ್‌ಲಯರ್ ಕಂಡ ಕೂಡಲೇ ಸುಮ್ನೆ ಹೊಡೆದು ಹಾಕಬೇಡಿ. ಮೊದಲು ಅದು ಎಲ್ಲಿಂದ ಬಂತು ಅಂತ ಹುಡುಕಿ. ತೆಂಡೂಲ್ಕರ್ ಹೆಸರಿನ ಮುಂದೆ 537.8 ಅಂತಿದ್ದರೆ ಅದು ಚುಕ್ಕೆ ತಪ್ಪಿ ಬಿದ್ದದ್ದು, ತಿದ್ದಿಬಿಡಿ. ಬ್ರಾಡ್ಮನ್ ಲೆಕ್ಕವನ್ನು ನೀವೇ ಪರೀಕ್ಷಿಸಿ: 6996 ರನ್, 80 ಇನಿಂಗ್ಸ್, ಅದರಲ್ಲಿ 10 ಸಲ ನಾಟೌಟ್, ಅಂದ್ರೆ ಔಟಾದದ್ದು 70 ಸಲ. ರನ್ನನ್ನು ಔಟಾದ ಸಲದಿಂದ, ಅಂದ್ರೆ 6996ನ್ನು 70ರಿಂದ ಭಾಗಿಸಿ ನೋಡಿ. 99.94 ಸರಿಯಾಗಿಯೇ ಇದೆ, ಪಟ್ಟಿಯಲ್ಲೇ ಇರಲಿ.