ಗಾಡಿ ಮನೆಗೆ ಹೋಗಬೇಕು

2023ರ ಏಪ್ರಿಲ್‌ನಲ್ಲಿ ಕಟ್ಟಡ ಕೆಲಸದವರ ಮಕ್ಕಳಿಗೆ ಮೊದಲ ಸಲ ರೋಬೋ ಶಿಬಿರ ಮಾಡಿದಾಗ ನಮ್ಮ ಹತ್ತಿರ ಇದ್ದದ್ದು ಆರು ಆರ್ಡುಯಿನೋ (ಪ್ರೋಗ್ರಾಂ ಹಾಕಿ ಮೋಟಾರ್ ಓಡಿಸೋ ಸಣ್ಣ ಬೋರ್ಡು) ಕಿಟ್, ಮೂರು ಹಳೇ ಲ್ಯಾಪ್‌ಟಾಪ್, ಅವನ್ನೆಲ್ಲ ಇಡೋಕೆ ಬೀಗ ಇರುವ ಒಂದು ಬೀರು. ಗೆಳೆಯರೆಲ್ಲ ಸೇರಿ ಹಣ ಹಾಕಿ ಕೊಂಡ ಕಿಟ್‌ಗಳು. ಕಳೆದುಹೋದರೆ ಮುಂದಿನ ವರ್ಷಕ್ಕೆ ಏನು ಮಾಡೋದು ಅನ್ನೋ ಭಯ ನನಗಿತ್ತು. ದಿನಾ ಮಧ್ಯಾಹ್ನ ಮಕ್ಕಳು ಕಟ್ಟಿದ ರೋಬೋವನ್ನು ಬಿಚ್ಚಿ, ವೈರ್ ಎಣಿಸಿ, ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದೆ.

ಕೊನೆಯ ದಿನ ಹತ್ತು ವರ್ಷದ ಒಬ್ಬ ಹುಡುಗ ಬೀರುವಿನ ಪಕ್ಕ ನಿಂತು ಕೇಳಿದ, "ಅಕ್ಕಾರ, ನಮ್ಮ ಅಪ್ಪಗ ಒಂದ್ಸಲ ತೋರಿಸಿ ತರ್ಲೇನ್ರಿ?" ನಾನು ಆಗಲ್ಲ ಅಂದೆ. ಅವನು ಹಠ ಮಾಡಲಿಲ್ಲ. ಹ್ಞೂಂ ಅಂತ ತಲೆ ಆಡಿಸಿ ಹೋದ. ಅವನ ಅಪ್ಪ ಇದ್ದದ್ದು ಇನ್ನೂರು ಹೆಜ್ಜೆ ದೂರದ ಶೆಡ್ಡಿನಲ್ಲಿ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಾನು ಎಲೆಕ್ಟ್ರಾನಿಕ್ಸ್ ಓದಿ ಸಣ್ಣ ಸಣ್ಣ ಯಂತ್ರಗಳಿಗೆ ಪ್ರೋಗ್ರಾಂ ಬರೆಯೋ ಕೆಲಸದಲ್ಲಿರೋಳು. ಮನೆ ಬೆಂಗಳೂರಿನ ವೈಟ್‌ಫೀಲ್ಡ್ ಕಡೆ. ನಮ್ಮ ಬೀದಿಯ ಕೊನೆಯಲ್ಲಿ ಕಟ್ಟಡ ಕೆಲಸದವರ ತಗಡಿನ ಶೆಡ್ಡುಗಳಿವೆ. ಯಾದಗಿರಿ, ರಾಯಚೂರು ಕಡೆಯವರು ಜಾಸ್ತಿ, ತೆಲುಗು ಮಾತಾಡೋರೂ ಇದ್ದಾರೆ. ಬೇಸಿಗೆ ರಜೆ ಶುರುವಾದರೆ ಆ ಮಕ್ಕಳಿಗೆ ಶಾಲೆಯೂ ಇಲ್ಲ, ಬಿಸಿಯೂಟವೂ ಇಲ್ಲ. ಹತ್ತಿರದ ಸರ್ಕಾರಿ ಶಾಲೆಯ ಹೆಡ್ ಮಿಸ್ ಒಂದು ಕೋಣೆ ಬಿಟ್ಟುಕೊಟ್ಟರು. ಅಷ್ಟರಿಂದಲೇ ಶುರು ಮಾಡಿದ್ದು.

ಮೊದಲ ವರ್ಷ ಬೀಗದ ಜೊತೆ ಇನ್ನೂ ಎರಡು ತಪ್ಪು ಮಾಡಿದೆ. ಒಂದು, ನಾಲ್ಕೈದು ಮಕ್ಕಳಿಗೆ ಒಂದೇ ಕಿಟ್. ಮೌಸ್ ಹಿಡಿದವನು ಒಬ್ಬ, ಉಳಿದವರು ನೋಡೋರು. ಆ ಒಬ್ಬ ಯಾವಾಗಲೂ ಹುಡುಗನೇ. ಎರಡು, 9 ವೋಲ್ಟಿನ ಚೌಕ ಬ್ಯಾಟರಿ. ಮೋಟಾರ್ ಶುರುವಾದ ಕೂಡಲೇ ಬೋರ್ಡಿನ ದೀಪ ಆರಿ ಮತ್ತೆ ಹತ್ತುತ್ತಿತ್ತು. ಮಕ್ಕಳು ತಮ್ಮದೇ ತಪ್ಪು ಅಂದುಕೊಂಡು ಪ್ರೋಗ್ರಾಂ ಮತ್ತೆ ಮತ್ತೆ ಹಾಕುತ್ತಿದ್ದರು. ತಪ್ಪು ಬ್ಯಾಟರಿಯದ್ದು. ಮಲ್ಟಿಮೀಟರಿನಂಥ, ಸ್ವಲ್ಪವೇ ಕರೆಂಟ್ ಬೇಕಾದ ಸಾಮಾನಿಗೆ ಅದು ಸಾಕು. ಅದರ ಒಳಗಿನ ತಡೆ ಜಾಸ್ತಿ. ಮೋಟಾರ್ ಒಮ್ಮೆಗೇ ಕರೆಂಟ್ ಎಳೆದರೆ ವೋಲ್ಟೇಜ್ ಕುಸಿದು ಬೋರ್ಡ್ ರೀಸೆಟ್ ಆಗುತ್ತದೆ. ನೀವು ಶಿಬಿರ ಮಾಡೋದಾದರೆ ಗೋಡೆ ಗಡಿಯಾರಕ್ಕೆ ಹಾಕೋ ಸೆಲ್ ನಾಲ್ಕು ತಗೊಳ್ಳಿ. 6 ವೋಲ್ಟ್ ಬರುತ್ತೆ, ಎಲ್ಲಾ ಅಂಗಡಿಯಲ್ಲೂ ಸಿಗುತ್ತೆ. ಲಿಥಿಯಂ ಸೆಲ್ ಮಾತ್ರ ಚಿಕ್ಕ ಮಕ್ಕಳ ಕೈಗೆ ಬೇಡ. ವೈರ್ ತಾಗಿ ಶಾರ್ಟ್ ಆದರೆ ಬೆಂಕಿ ಹತ್ತೋ ಅಪಾಯ ಇದೆ.

2024ರಲ್ಲಿ ಒಂದೇ ನಿಯಮ ಇಟ್ಟುಕೊಂಡೆ. ಮಗು ಕಟ್ಟಿದ್ದು ಮಗುವಿನ ಜೊತೆ ಮನೆಗೆ ಹೋಗಬೇಕು. ಆ ನಿಯಮ ಬಂದ ಮೇಲೆ ಉಳಿದದ್ದೆಲ್ಲ ತಾನಾಗಿ ಬದಲಾಯಿತು. ದುಬಾರಿ ಕಿಟ್ ಹೋಯಿತು, ಬೀಗ ಹೋಯಿತು, ಒಬ್ಬೊಬ್ಬರಿಗೆ ಒಂದೊಂದು ಗಾಡಿ ಬಂತು. ಒಂದು ಶನಿವಾರ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಾಮಾನಿನ ಬೀದಿ ಎಸ್.ಪಿ. ರೋಡಿಗೆ ಹೋಗಿ ಅಂಗಡಿ ಅಂಗಡಿ ಸುತ್ತಿದೆ. ಹಳದಿ ಬಣ್ಣದ ಬಿಓ (ಬ್ಯಾಟರಿಯಿಂದ ಓಡೋ) ಮೋಟಾರ್ ಎರಡು, ಚಕ್ರ ಎರಡು, ಸೆಲ್ ಹೋಲ್ಡರ್, ಸ್ವಿಚ್ ಎರಡು, ಎರಡು ಮೀಟರ್ ರಿಬ್ಬನ್ ವೈರ್. ಸೆಲ್ ಸೇರಿ ಒಂದು ಗಾಡಿಗೆ ಸುಮಾರು 300 ರೂಪಾಯಿ ಬಿತ್ತು. ಗಾಡಿಯ ತಳಕ್ಕೆ ರಟ್ಟು. ಮುಂದಿನ ಚಕ್ರದ ಬದಲು ಬಾಟಲಿ ಮುಚ್ಚಳ, ನೆಲದ ಮೇಲೆ ಸುಮ್ನೆ ಜಾರುತ್ತೆ.

ಈ ಗಾಡಿಯಲ್ಲಿ ಚಿಪ್ ಇಲ್ಲ. ಇದು ರೋಬೋನಾ ಅಂತ ನನ್ನ ಗೆಳೆಯರೊಬ್ಬರು ಕೇಳಿದರು. ಮೊದಲ ವಾರಕ್ಕೆ ಇದೇ ಸರಿ ಅಂತ ಈಗಲೂ ನನ್ನ ನಂಬಿಕೆ. ಲ್ಯಾಪ್‌ಟಾಪ್ ಇಲ್ಲದ ಮನೆಗೆ ಆರ್ಡುಯಿನೋ ಕೊಟ್ಟರೆ ಅಲ್ಲಿ ಅದು ಬರೀ ಒಂದು ಹಲಗೆ. ಸ್ವಿಚ್ಚಿನ ಗಾಡಿ ಕೆಟ್ಟರೆ ಮಗು ತಾನೇ ಬಿಚ್ಚಿ ನೋಡಬಹುದು.

ಸ್ವಿಚ್ಚಿನ ಪಾಠದ ಬಗ್ಗೆ ಸ್ವಲ್ಪ ಹೇಳಬೇಕು, ಶಿಬಿರದ ಜೀವ ಇದ್ದದ್ದೇ ಅಲ್ಲಿ. ಡಿಪಿಡಿಟಿ ಅನ್ನೋ ಈ ಸ್ವಿಚ್ಚಿಗೆ ಆರು ಕಾಲು, ಮೂರು ಜೋಡಿ. ನಡುವಿನ ಜೋಡಿಗೆ ಮೋಟಾರ್. ಒಂದು ತುದಿಯ ಜೋಡಿಗೆ ಬ್ಯಾಟರಿ. ಆ ಜೋಡಿಯಿಂದ ಇನ್ನೊಂದು ತುದಿಯ ಜೋಡಿಗೆ ಎರಡು ವೈರನ್ನು ಕತ್ತರಿಯ ಹಾಗೆ ದಾಟಿಸಬೇಕು. ಸ್ವಿಚ್ ಈ ಕಡೆ ಒತ್ತಿದರೆ ಮೋಟಾರ್ ಮುಂದಕ್ಕೆ, ಆ ಕಡೆ ಒತ್ತಿದರೆ ಹಿಂದಕ್ಕೆ, ನಡುವೆ ಬಿಟ್ಟರೆ ನಿಲ್ಲುತ್ತೆ. ಬೆಸುಗೆ ನಾವೇ ಹಾಕಿಟ್ಟಿದ್ದೆವು, ವೈರ್ ಹೊಸೆದು ಕೂಡಿಸೋದು ಮಕ್ಕಳ ಕೆಲಸ. ಪುಸ್ತಕದ 'ವಿದ್ಯುತ್ ಮಂಡಲ', ಅಂದರೆ ಕರೆಂಟ್ ಹರಿದು ವಾಪಸ್ ಬರೋ ದಾರಿ, ಅವರ ಬಾಯಿಗೆ ಬರಲಿಲ್ಲ. ಒಬ್ಬಳು 'ಸುತ್ತು' ಅಂದಳು. "ಸುತ್ತು ಎಲ್ಲೋ ಹರದದ" ಅಂತ ಬೆರಳಿಟ್ಟು ವೈರಿನ ಉದ್ದಕ್ಕೂ ಹುಡುಕಿದಳು. ಅವತ್ತಿಂದ ನಾವೂ ಸುತ್ತು ಅಂತಲೇ ಕರೆದೆವು.

ಎರಡು ಮೋಟಾರಿಗೆ ಎರಡು ಸ್ವಿಚ್. ಹಾಗಾದರೆ ಗಾಡಿ ತಿರುಗಿಸೋದು ಹೇಗೆ? ನಾನು ಬೋರ್ಡಿನ ಮೇಲೆ ಚಿತ್ರ ಬರೆಯೋಕೆ ಸೀಮೆಸುಣ್ಣ ಹುಡುಕುತ್ತಿದ್ದೆ. ಹಿಂದಿನಿಂದ ಒಬ್ಬ ಹೇಳಿದ, "ಬಂಡಿ ತಿರಗಸ್ದಂಗ್ರಿ. ಒಂದು ಎತ್ತು ತಡೀಬೇಕು, ಇನ್ನೊಂದು ಹೊಡೀಬೇಕು." ಎಡ ಚಕ್ರ ನಿಲ್ಲಿಸಿ ಬಲ ಚಕ್ರ ಓಡಿಸಿದರೆ ಗಾಡಿ ಎಡಕ್ಕೆ ತಿರುಗುತ್ತದೆ. ಕಾಲೇಜಿನಲ್ಲಿ ಡಿಫರೆನ್ಷಿಯಲ್ ಡ್ರೈವ್ ಅಂತ ನಾವು ಓದಿದ್ದು ಇದನ್ನೇ. ನಾನು ಸೀಮೆಸುಣ್ಣ ಕೆಳಗಿಟ್ಟು ಅವನನ್ನೇ ಮುಂದೆ ಕರೆದೆ. ಇಬ್ಬರು ಹುಡುಗರನ್ನು ಎತ್ತು ಮಾಡಿಕೊಂಡು ಇಡೀ ಕೋಣೆಗೆ ಅವನೇ ಪಾಠ ಮಾಡಿದ.

ಮೋಟಾರನ್ನು ರಟ್ಟಿಗೆ ಕೂರಿಸೋ ದಿನ ಕರೆಂಟ್ ಹೋಯಿತು. ಅಂಟು ಕರಗಿಸೋ ಗ್ಲೂ ಗನ್ ತಣ್ಣಗಾಯಿತು. ಟೇಪ್ ಸುತ್ತಿದರೆ ನಿಲ್ಲಲಿಲ್ಲ. ಯಾದಗಿರಿ ಕಡೆಯ ಒಬ್ಬಳು ಏಳನೇ ತರಗತಿ ಹುಡುಗಿ, ದಿನಾ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬರೋಳು, ಅವನನ್ನು ಚಾಪೆ ಮೇಲೆ ಬಿಟ್ಟು ಹೊರಗೆ ಓಡಿದಳು. ಬಂದಾಗ ಕೈಯಲ್ಲಿ ಬೈಂಡಿಂಗ್ ವೈರಿನ ಒಂದು ಸುರುಳಿ, ಅಪ್ಪನ ಕಂಬಿ ಕಟ್ಟೋ ಕೊಕ್ಕೆ. ರಟ್ಟಿನಲ್ಲಿ ಮೊಳೆಯಿಂದ ಎರಡು ತೂತು ಮಾಡಿದಳು. ವೈರನ್ನು ಮಡಚಿ ಎರಡೆಳೆ ಮಾಡಿ ಮೋಟಾರಿನ ಹೊಟ್ಟೆ ಸುತ್ತ ತಂದು, ತೂತಿನೊಳಗಿಂದ ಕೆಳಗೆ ಎಳೆದು, ಕೊಕ್ಕೆ ಸಿಕ್ಕಿಸಿ ಮೂರು ಸುತ್ತು ತಿರುವಿದಳು. ಮೋಟಾರ್ ಅಲ್ಲಾಡಲಿಲ್ಲ. ಅರ್ಧ ನಿಮಿಷವೂ ಆಗಿರಲಿಲ್ಲ. ಆಮೇಲೆ ಎಲ್ಲರ ಗಾಡಿಗೂ ಅವಳೇ ಕಟ್ಟಿಕೊಟ್ಟಳು, ನನಗೂ ಕಲಿಸಿದಳು. ನನ್ನ ಕೈಯಲ್ಲಿ ವೈರ್ ಎರಡು ಸಲ ತುಂಡಾಯಿತು. "ಜಗ್ಗಿ ತಿರವಬ್ಯಾಡ್ರಿ ಅಕ್ಕಾರ, ಸಾಕನ್ಸಿದಾಗ ಬಿಡ್ರಿ" ಅಂದಳು. ಆಮೇಲೆ ನಾವು ಗ್ಲೂ ಗನ್ ಮುಟ್ಟಲೇ ಇಲ್ಲ.

ಚಾಪೆ ಅಂದೆ ಅಲ್ವಾ. ಇದು ಯಾರೂ ಮೊದಲೇ ಹೇಳಿಕೊಡದ ವಿಷಯ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋದರೆ ದೊಡ್ಡ ಹುಡುಗಿಗೆ ಚಿಕ್ಕ ಮಕ್ಕಳ ಜವಾಬ್ದಾರಿ. ಚಿಕ್ಕವರನ್ನು ಕರೆತರಬೇಡಿ ಅಂದರೆ ಹುಡುಗಿಯರು ಬರೋದೇ ಇಲ್ಲ. ಮೊದಲ ವರ್ಷ ಹುಡುಗಿಯರು ಕಡಿಮೆ ಇದ್ದದ್ದು ಇದೇ ಕಾರಣಕ್ಕೆ, ನನಗದು ಗೊತ್ತಾಗಿರಲಿಲ್ಲ. ಎರಡನೇ ವರ್ಷ ಮೂಲೆಯಲ್ಲಿ ಚಾಪೆ ಹಾಸಿ, ಆಟಿಕೆ ಇಟ್ಟು, ನೋಡಿಕೊಳ್ಳೋಕೆ ಇಬ್ಬರು ಕಾಲೇಜು ಹುಡುಗಿಯರನ್ನು ಕೂರಿಸಿದೆವು. ಬೆಳಿಗ್ಗೆ ಉಪ್ಪಿಟ್ಟು, ಹತ್ತೂವರೆಗೆ ಮೊಟ್ಟೆ ಇಲ್ಲವೇ ಬಾಳೆಹಣ್ಣು. ಒಟ್ಟು ಖರ್ಚಿನಲ್ಲಿ ಮೋಟಾರಿಗಿಂತ ಊಟದ ಪಾಲೇ ಜಾಸ್ತಿ. ಹಣ ಕೇಳುವಾಗ ಅದನ್ನು ಮುಚ್ಚಿಡಬೇಡಿ, ಮೊದಲ ಸಾಲಿನಲ್ಲೇ ಬರೆಯಿರಿ.

ಏಪ್ರಿಲ್ 24 ಬೆಂಗಳೂರಿನಲ್ಲಿ ಶೂನ್ಯ ನೆರಳಿನ ದಿನ. ಮಧ್ಯಾಹ್ನ 12.17ರ ಹೊತ್ತಿಗೆ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ, ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳಿರಲ್ಲ. ಆಗಸ್ಟ್ ತಿಂಗಳಲ್ಲೂ ಒಂದು ದಿನ ಹೀಗಾಗುತ್ತೆ, ಆದರೆ ಆಗ ಮೋಡ. ಶಿಬಿರ ಏಪ್ರಿಲ್‌ನಲ್ಲಿದ್ದರೆ ಇದನ್ನು ಬಿಡಬಾರದು. ಕೋಲಿನ ಬದಲು ನಿಲ್ಲಿಸಿದ್ದ ಪೈಪು ನೆಟ್ಟಗಿದೆಯಾ ಅಂತ ನೋಡೋಕೆ ನಾನು ಮೊಬೈಲ್ ತೆಗೆದರೆ, ಗಾರೆ ಕೆಲಸದವರ ಮಗ ತೂಗುಗುಂಡು ತಂದು ಪೈಪಿನ ಪಕ್ಕ ಇಳಿಬಿಟ್ಟ. ನೆರಳು ಪೈಪಿನ ಬುಡದೊಳಗೆ ಸೇರಿಕೊಂಡಾಗ ಚಾಪೆ ಮೇಲಿನ ಚಿಕ್ಕವರೂ ಎದ್ದು ಬಂದು ತಮ್ಮ ಕಾಲ ಕೆಳಗೆ ನೋಡಿಕೊಂಡರು.

ವೈರಿನಿಂದ ಮೋಟಾರ್ ಕಟ್ಟಿದ ಹುಡುಗಿ ಕೇಳಿದಳು, "ನಮ್ಮೂರಾಗ ಯಾವಾಗ್ರಿ?" ಈ ಪ್ರಶ್ನೆ ನಾನು ಯೋಚಿಸಿಯೇ ಇರಲಿಲ್ಲ. ಆ ದಿನಗಳಲ್ಲಿ ಸೂರ್ಯ ದಿನದಿನಕ್ಕೂ ಉತ್ತರಕ್ಕೆ ಸರಿಯುತ್ತಿರುತ್ತಾನೆ, ಹಾಗಾಗಿ ಉತ್ತರದ ಊರಿಗೆ ತಡ. ಭೂಪಟ ಹರಡಿ ಲೆಕ್ಕ ಹಾಕಿದೆವು. ಯಾದಗಿರಿಗೆ ಮೇ 6ರ ಆಸುಪಾಸು.

ಮರುದಿನದಿಂದ ಎರಡು ದಿನ ಲೋಕಸಭೆ ಚುನಾವಣೆಗೆ ಶಾಲೆ ಮತಗಟ್ಟೆಯಾಯಿತು. ನಾವು ಹೊಂಗೆ ಮರದ ಕೆಳಗೆ ಕೂತೆವು. ಆ ಹೊತ್ತಿಗೆ ಗಾಡಿಗಳು ದಿನಾ ಮನೆಗೆ ಹೋಗಿ ಬರುತ್ತಿದ್ದವು, ಬೇರೆಯದೇ ರೂಪದಲ್ಲಿ ಬರುತ್ತಿದ್ದವು. ಒಂದಕ್ಕೆ ಬಿಸ್ಕತ್ತಿನ ಡಬ್ಬಿಯ ಟ್ರಾಲಿ. ಒಂದರಲ್ಲಿ ವೈರ್ ಕಿತ್ತುಬಂದಿತ್ತಂತೆ, ಅದರ ಹುಡುಗ ಟೇಪಿನ ಬದಲು ಸೈಕಲ್ ಟ್ಯೂಬಿನ ರಬ್ಬರ್ ಸುತ್ತಿ ಸರಿಮಾಡಿದ್ದ. ಒಬ್ಬನ ಅಪ್ಪ ಸಂಜೆ ಕೆಲಸ ಬಿಟ್ಟು ಬಂದು ಮುಂದಿನ ಮುಚ್ಚಳದ ಜಾಗಕ್ಕೆ ಗೋಲಿ ಕೂರಿಸಿಕೊಟ್ಟಿದ್ದರು. ಕೊನೆಯ ವಾರ, ಕೇಳಿದ ಐದು ಮಕ್ಕಳಿಗೆ ಮಾತ್ರ ಆರ್ಡುಯಿನೋ ತೆಗೆದುಕೊಟ್ಟೆ. ಸ್ವಿಚ್ ಒತ್ತೋ ಕೆಲಸ ಬೋರ್ಡೇ ಮಾಡುತ್ತೆ ಅಂದರೆ ಅವರಿಗೆ ಥಟ್ಟನೆ ತಿಳಿಯಿತು. ಆ ಕೆಲಸವನ್ನು ಎರಡು ವಾರ ಅವರ ಬೆರಳೇ ಮಾಡಿತ್ತು.

28 ಮಕ್ಕಳಿಂದ ಶುರುವಾಗಿ ಕೊನೆಗೆ 17 ಉಳಿದರು. ಜಾತ್ರೆ, ಮದುವೆ, ಅವರ ಊರ ಕಡೆ ಮೇ 7ಕ್ಕಿದ್ದ ಮತದಾನ ಅಂತ ಕುಟುಂಬಗಳು ಊರಿಗೆ ಹೊರಟವು. ಇದು ಪ್ರತಿ ವರ್ಷ ಆಗೋದೇ. ಅದಕ್ಕೇ ಈಗ ಯಾವ ಪಾಠವನ್ನೂ ನಾಳೆಗೆ ಅರ್ಧ ಉಳಿಸಲ್ಲ. ಆ ಹುಡುಗಿಯೂ ಗಾಡಿಯನ್ನು ಬಟ್ಟೆಗಂಟಿನಲ್ಲಿ ಸುತ್ತಿಕೊಂಡು ಹೋದಳು.

ಮೇ 6ರ ಮಧ್ಯಾಹ್ನ ಅವಳ ಅಪ್ಪನ ನಂಬರಿನಿಂದ ಫೋನ್ ಬಂತು. ಅಂಗಳದಲ್ಲಿ ಒನಕೆ ನಿಲ್ಲಿಸಿ, ದಾರಕ್ಕೆ ಕಲ್ಲು ಕಟ್ಟಿ ನೆಟ್ಟಗೆ ಮಾಡಿದ್ದಳಂತೆ. ಓಣಿಯ ಮಕ್ಕಳೆಲ್ಲ ಸುತ್ತ ನಿಂತಿದ್ದರು, ಗದ್ದಲ ಕೇಳುತ್ತಿತ್ತು. "ಹನ್ನೆರಡು ಹದಿನೆಂಟಕ್ಕ ನೆಳ್ಳು ಹೋತ್ರಿ ಅಕ್ಕಾರ. ಗಾಡಿ ಸೆಲ್ಲೂ ಮುಗದಾವ. ಮೂರು ಸೆಲ್ ಹಾಕಿದ್ರ ನಡೀತದೇನ್ರಿ?" ಖಾಲಿ ಜಾಗಕ್ಕೆ ಬೆಳ್ಳಿ ಹಾಳೆ ಉಂಡೆ ಮಾಡಿ ತುಂಬಿದರೆ ಸುತ್ತು ಕೂಡುತ್ತೆ, ಓಡುತ್ತೆ, ನಿಧಾನ ಅಷ್ಟೇ ಅಂದೆ. ಸರಿ ಅಂತ ಫೋನ್ ಇಟ್ಟಳು.