ಯುರೇನಿಯಂ ಕಟ್ಟಿಹಾಕುವ ಬ್ಯಾಕ್ಟೀರಿಯಾ: ಬಾಟಲಿ ಕೆಸರಲ್ಲಿ ನೋಡುವುದು ಹೇಗೆ?

ಕಾಳಿ ನದಿ ಸಮುದ್ರ ಸೇರುವಲ್ಲಿ, ಇಳಿತದ ಹೊತ್ತಿಗೆ ಕಾಂಡ್ಲಾ ಗಿಡಗಳ ನಡುವೆ ಕಾಲಿಟ್ಟವರಿಗೆ ಆ ಕೆಸರು ಗೊತ್ತು. ಮೇಲೆ ಕಂದು. ಬೆರಳು ಹೂತರೆ ಕೆಳಗೆ ಕಡುಕಪ್ಪು, ಕೊಳೆತ ಮೊಟ್ಟೆಯ ವಾಸನೆ. ಗಲೀಜು ಅಂತ ಮೂಗು ಮುಚ್ಚಿಕೊಳ್ಳುತ್ತೇವೆ, ಅಲ್ವಾ? ಆದರೆ ಯುರೇನಿಯಂ ಬೆರೆತ ಅಂತರ್ಜಲವನ್ನು ತಿಳಿಗೊಳಿಸುವ ಜೀವಿಗಳು ಇಂಥ ಗಾಳಿಯಾಡದ ಮಣ್ಣಿನವೇ.

ಮನೆಯಲ್ಲಿ ಯುರೇನಿಯಂ ಮುಟ್ಟುವ ಮಾತೇ ಇಲ್ಲ. ಅದರ ಬದಲು ಕಬ್ಬಿಣದಲ್ಲಿ ಈ ಆಟ ನೋಡಬಹುದು. ಮಕ್ಕಳನ್ನು ಕೂರಿಸಿಕೊಂಡು ಮಾಡಿ.

ಮೊದಲು ಎರಡು ಲೀಟರಿನ ಪಾರದರ್ಶಕ ಬಾಟಲಿಯ ಕತ್ತು ಕತ್ತರಿಸಿ. ಕೈಗವಸು ಹಾಕಿಕೊಂಡು ಒಂದೂವರೆ ಲೀಟರಿನಷ್ಟು ಕಪ್ಪು ಕೆಸರು ತನ್ನಿ. ಕಲ್ಲು, ಚಿಪ್ಪು, ಬೇರು ಆರಿಸಿ ತೆಗೆಯಿರಿ. ಹಳೆಯ ನ್ಯೂಸ್‌ಪೇಪರಿನ ಒಂದು ಹಾಳೆಯನ್ನು ಚೂರು ಚೂರು ಹರಿದು ಕೆಸರಿಗೆ ಕಲಸಿ. ಇದು ಬ್ಯಾಕ್ಟೀರಿಯಾಗಳ ಊಟ. ಅರ್ಧ ಬಾಟಲಿ ತುಂಬಿದ ಮೇಲೆ ಕಬ್ಬಿಣ ತುಂಬಿದ ಚಿರೆಕಲ್ಲಿನ ಕೆಂಪು ಪುಡಿಯನ್ನು ಬೆರಳಗಲ ಪಟ್ಟಿಯಾಗಿ ಹರಡಿ, ಮತ್ತೆ ಕೆಸರು ತುಂಬಿ. ಮೇಲೆ ಎರಡಿಂಚು ಹೊಳೆಯ ನೀರು ನಿಲ್ಲಲಿ. ಪ್ಲಾಸ್ಟಿಕ್ ಹಾಳೆ ಸಡಿಲವಾಗಿ ಹೊದಿಸಿ. ಬಿಗಿಯಾಗಿ ಮುಚ್ಚಿದರೆ ಒಳಗೆ ಗ್ಯಾಸ್ ತುಂಬುತ್ತದೆ. ಗಾಳಿಯಾಡುವ ಜಗಲಿಯ ನೆರಳಲ್ಲಿಟ್ಟು ವಾರಕ್ಕೊಂದು ಫೋಟೊ ತೆಗೆಯಿರಿ.

ಕೆಲವು ವಾರಗಳಲ್ಲಿ ಕೆಂಪು ಪಟ್ಟಿಯ ಅಂಚು ಮಸುಕಾಗಿ, ಬೂದು, ಕೊನೆಗೆ ಕಪ್ಪಾಗತೊಡಗುತ್ತದೆ. ಬಣ್ಣ ಎಲ್ಲಿ ಹೋಯಿತು? ನಾವು ಊಟದಿಂದ ಬಂದ ಎಲೆಕ್ಟ್ರಾನ್‌ಗಳನ್ನು ಕೊನೆಗೆ ಆಕ್ಸಿಜನ್‌ಗೆ ದಾಟಿಸುತ್ತೇವೆ. ಉಸಿರಾಟ ಅಂದರೆ ಅಷ್ಟೇ. ಕೆಸರೊಳಗೆ ಆಕ್ಸಿಜನ್ ಇಲ್ಲ. ಹಾಗಾಗಿ ಅಲ್ಲಿನ ಕೆಲವು ಬ್ಯಾಕ್ಟೀರಿಯಾ ಎಲೆಕ್ಟ್ರಾನ್‌ಗಳನ್ನು ತುಕ್ಕಿನಂಥ ಕೆಂಪು ಕಬ್ಬಿಣಕ್ಕೆ ಕೊಡುತ್ತವೆ. ಇನ್ನು ಕೆಲವು ಸಮುದ್ರದ ನೀರಿನ ಸಲ್ಫೇಟಿಗೆ ಕೊಡುತ್ತವೆ. ಅದರಿಂದ ಹುಟ್ಟಿದ ಸಲ್ಫೈಡ್ ಕಬ್ಬಿಣ ಸೇರಿದರೆ ಕಪ್ಪು ಬಣ್ಣ. ಮೊಟ್ಟೆ ವಾಸನೆಯೂ ಅದರದೇ.

ಈಗ ಕಬ್ಬಿಣದ ಜಾಗದಲ್ಲಿ ಯುರೇನಿಯಂ ಇದೆ ಅಂದುಕೊಳ್ಳಿ. ನೀರಲ್ಲಿ ಕರಗಿ ಹರಿಯುವ ಯುರೇನಿಯಂಗೆ ಆರು ಎಲೆಕ್ಟ್ರಾನ್ ಕೊರತೆ. ಬ್ಯಾಕ್ಟೀರಿಯಾ ಎರಡನ್ನು ತುಂಬಿಕೊಟ್ಟರೆ ಅದು ನಾಲ್ಕರ ಸ್ಥಿತಿಗೆ ಇಳಿಯುತ್ತದೆ. ಆಮೇಲೆ ಅದು ಸುಲಭಕ್ಕೆ ಕರಗುವುದಿಲ್ಲ. ಯುರೇನಿನೈಟ್ ಎಂಬ ಖನಿಜದ ಅತಿ ಸಣ್ಣ ಕಣಗಳಾಗಿ ಮಣ್ಣಿಗೆ ಅಂಟಿ ಕೂರಬಲ್ಲದು. ಕಬ್ಬಿಣ ಉಸಿರಾಡುವ ಜಿಯೋಬ್ಯಾಕ್ಟರ್ ಹೀಗೆ ಮಾಡುತ್ತದೆ ಎಂದು ಸೂಕ್ಷ್ಮಜೀವಿ ವಿಜ್ಞಾನಿ ಡೆರೆಕ್ ಲವ್ಲಿ ಮತ್ತು ಸಂಗಡಿಗರು 1991ರಲ್ಲಿ ತೋರಿಸಿದರು. ಸಲ್ಫೇಟ್ ಬಳಸುವ ಡಿಸಲ್ಫೊವಿಬ್ರಿಯೊಗೂ ಈ ಕೆಲಸ ಬರುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ವಿಕಿರಣ ಇದರಿಂದ ಕಡಿಮೆಯಾಗುವುದಿಲ್ಲ. ಯುರೇನಿಯಂ ಯುರೇನಿಯಂ ಆಗಿಯೇ ಉಳಿಯುತ್ತದೆ, ಬಾವಿ ಕಡೆಗೆ ಹರಿಯುವುದು ನಿಲ್ಲುತ್ತದೆ, ಅಷ್ಟೇ. ಕುಡಿಯುವ ನೀರಲ್ಲಿ ಲೀಟರಿಗೆ 30 ಮೈಕ್ರೋಗ್ರಾಂ ಮೀರಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಾಗಾಗಿ ಹರಿಯದಂತೆ ತಡೆದರೂ ಅದು ದೊಡ್ಡ ಕೆಲಸವೇ.

ಅಮೆರಿಕದ ಕೊಲೊರಾಡೊದ ರೈಫಲ್ ಎಂಬಲ್ಲಿ ಹಿಂದೆ ಯುರೇನಿಯಂ ಅದಿರಿನ ಗಿರಣಿ ಇತ್ತು. 2002ರಲ್ಲಿ ಅಲ್ಲಿನ ಅಂತರ್ಜಲಕ್ಕೆ ಅಸಿಟೇಟ್ ಬಿಟ್ಟರು. ವಿನೆಗರ್‌ನ ಹುಳಿಯ ನಂಟ ಅದು. ನಮ್ಮ ಪೇಪರ್ ಚೂರಿನ ಹಾಗೆ, ಊಟ. ಹೊಸ ಬ್ಯಾಕ್ಟೀರಿಯಾ ತಂದು ಸುರಿಯಲಿಲ್ಲ. ಅಲ್ಲಿದ್ದ ಜಿಯೋಬ್ಯಾಕ್ಟರೇ ಜಾಸ್ತಿಯಾಯಿತು, ನೀರಲ್ಲಿ ಯುರೇನಿಯಂ ಇಳಿಯಿತು. ಆಮೇಲೆ ಸಲ್ಫೇಟ್ ಬಳಸುವ ಜೀವಿಗಳು ಮೇಲುಗೈ ಸಾಧಿಸಿದವು. ಯುರೇನಿಯಂ ಮತ್ತೆ ಏರಿತು.

ಕಟ್ಟಿದ್ದು ಬಿಚ್ಚಿಕೊಳ್ಳುವ ಇನ್ನೊಂದು ದಾರಿ ಗಾಳಿ. ಅದನ್ನು ನಿಮ್ಮ ಬಾಟಲಿಯಲ್ಲೇ ನೋಡಬಹುದು. ಒಂದು ಚಮಚ ಕಪ್ಪು ಕೆಸರು ತೆಗೆದು ಬಿಳಿ ತಟ್ಟೆಯ ಮೇಲೆ ತೆಳ್ಳಗೆ ಸವರಿ, ಹಾಗೇ ಬಿಡಿ. ಒಂದೆರಡು ದಿನದಲ್ಲಿ ಅಂಚಿನಿಂದ ಕಂದು ಬಣ್ಣ ಮರಳುತ್ತದೆ. ಆಕ್ಸಿಜನ್ ಎಲೆಕ್ಟ್ರಾನ್‌ಗಳನ್ನು ವಾಪಸ್ ಕಿತ್ತುಕೊಂಡಿತು. ಕೂತಿದ್ದ ಯುರೇನಿಯಂಗೆ ಆಕ್ಸಿಜನ್ ಅಥವಾ ನೈಟ್ರೇಟ್ ತಾಗಿದರೂ ಇದೇ ಆಗುತ್ತದೆ. ಮತ್ತೆ ಕರಗಿ ಹೊರಡುತ್ತದೆ. ಅದಕ್ಕೇ ಇಂಥ ಜಾಗಗಳಲ್ಲಿ ಸುಮ್ನೆ ಊಟ ಹಾಕಿ ಹೊರಟುಬಿಡುವಂತಿಲ್ಲ. ಬಾವಿಯ ನೀರು ತೆಗೆದು ವರ್ಷಗಟ್ಟಲೆ ಪರೀಕ್ಷಿಸುತ್ತಲೇ ಇರಬೇಕು.

ತಟ್ಟೆ ಅಡುಗೆಮನೆಗೆ ಮರಳದಿರಲಿ. ಸೋಪು ಹಚ್ಚಿ ಕೈ ತೊಳೆದುಕೊಳ್ಳಿ.